ಮಳೆಗಾಲದಲ್ಲಿ ಪ್ರಿಂಟರ್ ಕೈಕೊಟ್ಟರೆ: ರಿಪೇರಿಗೆ ಒಯ್ಯುವ ಮೊದಲು

ಕಂಪ್ಯೂಟರ್ ಇರುವ ಅನೇಕ ಮನೆಗಳಲ್ಲಿ ಈಗ ಪ್ರಿಂಟರ್ ಕೂಡಾ ಇದೆ. ಮಕ್ಕಳ ಶಾಲಾ ಪ್ರಾಜೆಕ್ಟ್, ಗಲ್ಫ್‌ಗೆ ಹೊರಟವರ ವೀಸಾ ಕಾಗದಪತ್ರ, ಬ್ಯಾಂಕಿನ ಅರ್ಜಿ, ಗಾಯನ ಮಂಡಳಿಯ ಗೀತೆಗಳ ಹಾಳೆ, ವಾಳೆಯ ಸಭೆಯ ನೋಟೀಸು ಇವೆಲ್ಲವೂ ಮನೆಯಲ್ಲೇ ಮುದ್ರಣವಾಗುತ್ತವೆ. ಆದರೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕರಾವಳಿಯಲ್ಲಿ ಪ್ರಿಂಟರ್‌ನ ತಂಟೆಗಳೂ ಆರಂಭವಾಗುತ್ತವೆ. ಹೆಚ್ಚಿನವರು ಯಂತ್ರವೇ ಕೆಟ್ಟಿತೆಂದು ತಿಳಿದು ರಿಪೇರಿಗೆ ಒಯ್ಯುತ್ತಾರೆ ಅಥವಾ ಹೊಸತನ್ನೇ ಕೊಳ್ಳುತ್ತಾರೆ. ವಾಸ್ತವದಲ್ಲಿ ಇಂತಹ ತೊಂದರೆಗಳಲ್ಲಿ ಹಲವು ಯಂತ್ರದ ದೋಷಗಳಲ್ಲ. ತೇವ ಹಿಡಿದ ಕಾಗದ, ಒಣಗಿದ ಶಾಯಿ ಅಥವಾ ತಪ್ಪಿದ ಸಂಪರ್ಕ ಇವೇ ಕಾರಣ. ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದಾದ ಕೆಲವು ಪರಿಹಾರಗಳನ್ನು ಇಲ್ಲಿ ತಿಳಿಸಬಯಸುತ್ತೇವೆ.

ಮೊದಲು ನಿಮ್ಮ ಪ್ರಿಂಟರ್ ಯಾವ ಬಗೆಯದೆಂದು ತಿಳಿದುಕೊಳ್ಳಿ. ಇಂಕ್‌ಜೆಟ್ ಪ್ರಿಂಟರ್ ದ್ರವರೂಪದ ಶಾಯಿಯನ್ನು ಅತಿ ಸಣ್ಣ ರಂಧ್ರಗಳ ಮೂಲಕ ಕಾಗದದ ಮೇಲೆ ಚಿಮ್ಮಿಸುತ್ತದೆ. ಶಾಯಿ ತುಂಬಿಸುವ ಟ್ಯಾಂಕ್ ಇರುವ ಪ್ರಿಂಟರ್‌ಗಳೂ ಇದೇ ಬಗೆಯವು. ಲೇಸರ್ ಪ್ರಿಂಟರ್‌ನಲ್ಲಿ ಇರುವುದು ಟೋನರ್ ಎಂಬ ಪುಡಿ. ಸ್ಥಾಯಿ ವಿದ್ಯುತ್ತಿನ ಬಲದಿಂದ ಅದು ಕಾಗದಕ್ಕೆ ಅಂಟಿ, ನಂತರ ಬಿಸಿ ರೋಲರ್‌ನ ಶಾಖಕ್ಕೆ ಕರಗಿ ಗಟ್ಟಿಯಾಗಿ ಕೂರುತ್ತದೆ.

ಕಾಗದ ಸಿಕ್ಕಿಕೊಂಡರೆ:

ಮಳೆಗಾಲದಲ್ಲಿ ನಮ್ಮೂರಿನ ಗಾಳಿಯಲ್ಲಿ ನೀರಿನ ಪಸೆ ವಿಪರೀತ. ಕಾಗದವು ಈ ಪಸೆಯನ್ನು ಹೀರಿಕೊಳ್ಳುತ್ತದೆ. ಆಗ ಹಾಳೆಯ ಅಂಚು ಮುದುಡುತ್ತದೆ, ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎರಡು ಮೂರು ಒಟ್ಟಿಗೇ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತವೆ.

ಹೀಗಾದಾಗ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಲೇಸರ್ ಪ್ರಿಂಟರ್ ಆದರೆ ಅರ್ಧ ಗಂಟೆ ತಣಿಯಲು ಬಿಡಿ. ಒಳಗಿನ ರೋಲರ್ ಕೈ ಸುಡುವಷ್ಟು ಬಿಸಿಯಿರುತ್ತದೆ. ನಂತರ ಮುಚ್ಚಳ ತೆರೆದು, ಎರಡೂ ಕೈಗಳಿಂದ ಹಾಳೆಯನ್ನು ಹಿಡಿದು ಅದು ಸಾಗುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಚಾಕು, ಕತ್ತರಿ ಹಾಕಬೇಡಿ. ಹಾಳೆ ಹರಿದಿದ್ದರೆ ತುಂಡುಗಳನ್ನು ಜೋಡಿಸಿ ನೋಡಿ. ಬೆರಳಿನಷ್ಟು ಚೂರು ಒಳಗೆ ಉಳಿದರೂ ಮತ್ತೆ ಮತ್ತೆ ಅದೇ ತೊಂದರೆ ಬರುತ್ತದೆ.

ಇದು ಮರುಕಳಿಸದಿರಲು ಕಾಗದದ ಕಟ್ಟನ್ನು ಅದರ ಹೊದಿಕೆಯಲ್ಲೇ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಪಾಟಿನಲ್ಲಿಡಿ. ಟ್ರೇಯಲ್ಲಿ ಆ ದಿನಕ್ಕೆ ಬೇಕಾದ ಹತ್ತಿಪ್ಪತ್ತು ಹಾಳೆಗಳನ್ನಷ್ಟೇ ಹಾಕಿ. ಹಾಕುವ ಮೊದಲು ಕಟ್ಟಿನ ಅಂಚನ್ನು ಇಸ್ಪೀಟು ಎಲೆಯಂತೆ ಬಿಡಿಸಿ. ಹಾಳೆ ಸ್ವಲ್ಪ ಬಾಗಿದ್ದರೆ ಕಟ್ಟನ್ನು ಮಗುಚಿ ಹಾಕಿ ನೋಡಿ. 70 ಜಿಎಸ್ಎಂನ ತೆಳು ಹಾಳೆಗಿಂತ 75 ಅಥವಾ 80 ಜಿಎಸ್ಎಂ ಹಾಳೆ ಮಳೆಗಾಲಕ್ಕೆ ಉತ್ತಮ. ಹಾಳೆ ಒಳಗೆ ಹೋಗದೆ ಜಾರುತ್ತಿದ್ದರೆ, ಅದನ್ನು ಎಳೆದುಕೊಳ್ಳುವ ರಬ್ಬರ್ ರೋಲರನ್ನು ನೂಲು ಬಿಡದ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಬಳಸಿ.

ಅಕ್ಷರ ಮಸುಕಾದರೆ, ಗೆರೆ ಬಿದ್ದರೆ:

ಲೇಸರ್ ಪ್ರಿಂಟರ್‌ನಲ್ಲಿ ಅಕ್ಷರ ಮಸುಕಾದರೆ ಮೊದಲು ಹೊಸ ಕಟ್ಟಿನ ಒಣ ಹಾಳೆ ಹಾಕಿ ನೋಡಿ. ತೇವದ ಕಾಗದಕ್ಕೆ ಟೋನರ್ ಪುಡಿ ಸರಿಯಾಗಿ ಅಂಟುವುದಿಲ್ಲ. ಆದರೂ ಸರಿಯಾಗದಿದ್ದರೆ ಟೋನರ್ ಪೆಟ್ಟಿಗೆಯನ್ನು ಹೊರತೆಗೆದು ಅಡ್ಡಲಾಗಿ ಐದಾರು ಸಲ ಮೆಲ್ಲನೆ ಅಲ್ಲಾಡಿಸಿ. ಒಂದು ಬದಿಗೆ ಸರಿದ ಪುಡಿ ಸಮನಾಗಿ ಹರಡಿ ಇನ್ನಷ್ಟು ಹಾಳೆಗಳು ಬರುತ್ತವೆ.

ಇಂಕ್‌ಜೆಟ್‌ನಲ್ಲಿ ಸಾಮಾನ್ಯ ಶತ್ರು ಬಳಸದೇ ಇಡುವುದು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮುಟ್ಟದೆ ಇಟ್ಟರೆ ರಂಧ್ರಗಳಲ್ಲಿ ಶಾಯಿ ಒಣಗುತ್ತದೆ. ಪ್ರಿಂಟರ್‌ನ ಮೆನುವಿನಲ್ಲಿರುವ ನಾಝಲ್ ಚೆಕ್ ಮಾಡಿ. ಗೆರೆಗಳು ಕಡಿದಿದ್ದರೆ ಹೆಡ್ ಕ್ಲೀನಿಂಗ್ ಒಮ್ಮೆ ಮಾಡಿ, ಪುನಃ ಪರೀಕ್ಷಿಸಿ. ಎರಡು ಮೂರು ಸಲಕ್ಕೂ ಸರಿಯಾಗದಿದ್ದರೆ ನಿಲ್ಲಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಪ್ರಯತ್ನಿಸಿ. ಪ್ರತಿ ಸಲದ ಕ್ಲೀನಿಂಗ್‌ಗೂ ನಿಮ್ಮ ದುಬಾರಿ ಶಾಯಿಯೇ ಖರ್ಚಾಗುತ್ತದೆ ಎಂಬುದು ನೆನಪಿರಲಿ.

ಇದಕ್ಕೆ ಎರಡು ಮುನ್ನೆಚ್ಚರಿಕೆಗಳಿವೆ. ವಾರಕ್ಕೊಮ್ಮೆ ಎಲ್ಲಾ ಬಣ್ಣಗಳಿರುವ ಒಂದು ಹಾಳೆ ಮುದ್ರಿಸಿ. ಪ್ರಿಂಟರನ್ನು ಯಾವಾಗಲೂ ಅದರ ಬಟನ್‌ನಿಂದಲೇ ಆಫ್ ಮಾಡಿ, ಆಮೇಲೆ ಗೋಡೆಯ ಸ್ವಿಚ್. ಬಟನ್ ಒತ್ತಿದಾಗ ಶಾಯಿಯ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ನೇರ ಗೋಡೆಯ ಸ್ವಿಚ್ ಆರಿಸಿದರೆ ಅದು ತೆರೆದೇ ಉಳಿದು ಒಣಗಬಹುದು.

ಪ್ರಿಂಟರ್ 'ಆಫ್‌ಲೈನ್' ಎಂದರೆ:

ಕೇಬಲ್ ಆದರೆ ಎರಡೂ ತುದಿ ತೆಗೆದು ಪುನಃ ಸಿಕ್ಕಿಸಿ. ವೈಫೈ ಆದರೆ ಇತ್ತೀಚೆಗೆ ಇಂಟರ್‌ನೆಟ್ ಪೆಟ್ಟಿಗೆ ಅಥವಾ ಪಾಸ್‌ವರ್ಡ್ ಬದಲಾಯಿಸಿದ್ದೀರಾ ಎಂದು ಯೋಚಿಸಿ. ಬದಲಾಗಿದ್ದರೆ ಪ್ರಿಂಟರ್‌ಗೂ ಹೊಸ ಪಾಸ್‌ವರ್ಡ್ ಕೊಡಬೇಕು. ಮನೆಯಲ್ಲಿ ಬಳಸುವ ಅನೇಕ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, 5 ಗಿಗಾಹರ್ಟ್ಸ್‌ಗೆ ಅಲ್ಲ. ಸಂಪರ್ಕ ಸರಿಯಿದ್ದೂ ಹಾಳೆ ಬಾರದಿದ್ದರೆ, ಕಂಪ್ಯೂಟರ್‌ನ ಪ್ರಿಂಟ್ ಸಾಲಿನಲ್ಲಿ ಸಿಕ್ಕಿಬಿದ್ದ ಹಳೆಯ ಕೆಲಸಗಳನ್ನೆಲ್ಲ ರದ್ದುಮಾಡಿ ಎರಡನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಕನ್ನಡ ಅಕ್ಷರದ ಬದಲು ಏನೇನೋ ಬಂದರೆ:

ಇದು ಪ್ರಿಂಟರ್‌ನ ತಪ್ಪೇ ಅಲ್ಲ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕನ್ನಡ, ಕೊಂಕಣಿ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಳುಹಿಸುವವರು ಪಿಡಿಎಫ್ ಮಾಡಿ ಕಳುಹಿಸಲಿ, ಇಲ್ಲವೇ ಯುನಿಕೋಡ್‌ನಲ್ಲಿ ಟೈಪ್ ಮಾಡಲಿ. ಹಬ್ಬದ ಹಿಂದಿನ ರಾತ್ರಿ ಗೀತೆಗಳ ಹಾಳೆಗಾಗಿ ಪರದಾಡುವುದು ಇದರಿಂದ ತಪ್ಪುತ್ತದೆ.

ಸಿಡಿಲಿನ ಎಚ್ಚರ:

ಮಳೆಗಾಲಕ್ಕೆ ಮುಂಚಿನ ಮತ್ತು ನಂತರದ ಗುಡುಗು ಮಳೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಆರಂಭವಾಗುವ ಮೊದಲೇ ಪ್ಲಗ್, ಕೇಬಲ್ ಎರಡನ್ನೂ ತೆಗೆದಿಡಿ. ಲೇಸರ್ ಪ್ರಿಂಟರನ್ನು ಕಂಪ್ಯೂಟರ್‌ನ ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ. ಅದರ ಬಿಸಿ ರೋಲರ್ ಎಳೆಯುವ ವಿದ್ಯುತ್ತನ್ನು ಯುಪಿಎಸ್ ತಾಳುವುದಿಲ್ಲ.

ಯಾವಾಗ ರಿಪೇರಿಗೆ ಒಯ್ಯಬೇಕು?

ಸುಟ್ಟ ವಾಸನೆ, ಹಲ್ಲು ಮುರಿದಂಥ ಸದ್ದು, ಒಳಗೆ ಶಾಯಿ ಸೋರಿಕೆ, ಇಂಕ್ ಪ್ಯಾಡ್ ತುಂಬಿದೆ ಎಂಬ ಸೂಚನೆ ಇವು ಕಂಡರೆ ಸರ್ವಿಸ್ ಸೆಂಟರ್‌ಗೇ ಹೋಗಬೇಕು. ರಿಪೇರಿಯ ಅಂದಾಜು ಖರ್ಚನ್ನು ಮೊದಲೇ ಕೇಳಿ. ಇನ್ನು ಸಾಧ್ಯವೇ ಇಲ್ಲವೆಂದಾದರೆ ಕಸದೊಂದಿಗೆ ಎಸೆಯಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ಪ್ರಿಂಟರ್ ಮತ್ತು ಅದರ ಕಾರ್ಟ್ರಿಜ್ ಎರಡೂ ಇ-ತ್ಯಾಜ್ಯವೇ.

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ನಮ್ಮನ್ನು ಎಚ್ಚರಿಸಿದ್ದಾರೆ. ಕಾಗದ, ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವಂತಹ ಸಣ್ಣ ಕೆಲಸವೂ ಸೃಷ್ಟಿಯ ಕಾಳಜಿಯ ಭಾಗವೆಂದು ಹೇಳಿದ್ದಾರೆ. ಹಾಳೆಯ ಎರಡೂ ಬದಿ ಮುದ್ರಿಸುವುದು, ಒಣ ಕಾಗದ ಬಳಸುವುದು, ಇರುವ ಯಂತ್ರವನ್ನು ಇನ್ನೂ ಕೆಲವು ವರ್ಷ ಬಾಳಿಸುವುದು ನಮ್ಮ ಕೈಯಲ್ಲೇ ಇದೆ. ಇದರಿಂದ ಮನೆಯ ಹಣವೂ ಉಳಿಯುತ್ತದೆ.