ಗಾಂಜಾ ವಿಷಯ ಡಾಕ್ಟರಿಗೆ ಹೇಳಿಬಿಡಿ



ಹೆರಾಯಿನ್, ನೋವಿನ ಮಾತ್ರೆಗಳ ಚಟ ಬಿಡಿಸಲು ಬುಪ್ರೆನಾರ್ಫಿನ್ ಎಂಬ ಮಾತ್ರೆ ಕೊಡುತ್ತಾರೆ. ನಾಲಿಗೆಯಡಿ ಇಟ್ಟ ಪುಟ್ಟ ಮಾತ್ರೆ ಮೆಲ್ಲಗೆ ಕರಗುತ್ತದೆ. ಮೈಕೈ ನೋವು, ಬೆವರು, ಚಡಪಡಿಕೆ ತಗ್ಗುತ್ತವೆ. ಆದರೂ ಕೆಲವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಆಗ ಗಾಂಜಾ ಸೇದುತ್ತಾರೆ. ಡಾಕ್ಟರು ಬೈತಾರೆ ಅಂತ ಮುಚ್ಚಿಡುತ್ತಾರೆ, ಕೊನೆಗೆ ಆಸ್ಪತ್ರೆಯ ಕಡೆಗೇ ಹೋಗುವುದಿಲ್ಲ.

ದೊಡ್ಡ ಅಪಾಯ ಇರುವುದು ಅಲ್ಲೇ. ಮಾತ್ರೆ ನಿಂತರೆ ದೇಹದ ತಾಳಿಕೆ ಇಳಿಯುತ್ತದೆ. ಮತ್ತೆ ಹಳೇ ಪ್ರಮಾಣದಲ್ಲೇ ಹೆರಾಯಿನ್ ತಗೊಂಡರೆ ಉಸಿರೇ ನಿಲ್ಲಬಹುದು.

ಗಾಂಜಾ ಒಳ್ಳೆಯದು ಅಂತಲ್ಲ. ಮಂಪರು ಹೆಚ್ಚುತ್ತದೆ, ಕೆಲವರಿಗೆ ಮನಸ್ಸೂ ಕೆಡುತ್ತದೆ. ಅದಕ್ಕೇ ಡಾಕ್ಟರಿಗೆ ಹೇಳಿ, ಮಾತ್ರೆ ಮಾತ್ರ ಬಿಡಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಅಲ್ಲಿಗೆ ಹೋಗುವ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.