ಬಂಗಾಳಿಯಿಂದ ನೇರ ಕನ್ನಡಕ್ಕೆ: ಸೊರಗಿದ ಒಂದು ಕಸುಬು

ನವಿ ಮುಂಬೈಯ ನೆರೂಳ್ ಮತ್ತು ಬೇಲಾಪುರಗಳ ನಡುವಿನ ಸೀವುಡ್ಸ್‌ನಲ್ಲಿ ಹೌಸಿಂಗ್ ಸೊಸೈಟಿಗಳ ನಾಮಫಲಕ ಓದುತ್ತ ಹೋದರೆ ಶೆಟ್ಟಿ, ಪೂಜಾರಿ, ಕುಲಕರ್ಣಿಗಳ ಜೊತೆಗೆ ಮುಖರ್ಜಿ, ಬಿಸ್ವಾಸರ ಹೆಸರುಗಳೂ ಸಿಗುತ್ತವೆ. ಒಂದೇ ಲಿಫ್ಟಿನಲ್ಲಿ ಏರಿಳಿಯುವ ಈ ಎರಡು ಭಾಷೆಗಳ ಜನ ಒಬ್ಬರ ಸಾಹಿತ್ಯವನ್ನು ಇನ್ನೊಬ್ಬರು ಓದುವುದಿದ್ದರೆ ಅದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಮುಂಬೈ ಕನ್ನಡಿಗರು ಮರಾಠಿಯಿಂದ ಸಾಕಷ್ಟು ಕೃತಿಗಳನ್ನು ಕನ್ನಡಕ್ಕೆ ತಂದಿದ್ದಾರೆ. ಬಂಗಾಳಿಯ ಮಟ್ಟಿಗೆ ಆ ಮಾತು ಹೇಳುವಂತಿಲ್ಲ. ವಿಚಿತ್ರವೆಂದರೆ, ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹತ್ತಿಸಿದ್ದೇ ಬಂಗಾಳಿಯಿಂದ ಆದ ನೇರ ಅನುವಾದ. ಆ ಕಸುಬು ನಮ್ಮಲ್ಲಿ ಹುಟ್ಟಿದ ಬಗೆಯನ್ನು ನೋಡಿದರೆ, ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕೆನ್ನುವುದಕ್ಕೆ ಕಾರಣಗಳೂ ಅಲ್ಲೇ ಸಿಗುತ್ತವೆ.

ಬಿ. ವೆಂಕಟಾಚಾರ್ಯರು (1845–1914) ಕೊಳ್ಳೇಗಾಲದವರು. ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿ ನೌಕರಿ. ಬಂಗಾಳವೆಲ್ಲಿ, ಮೈಸೂರು ಸೀಮೆಯ ಕಚೇರಿಯೆಲ್ಲಿ! ಆದರೂ ಈಶ್ವರಚಂದ್ರ ವಿದ್ಯಾಸಾಗರರೊಡನೆ ಪತ್ರವ್ಯವಹಾರ ಇಟ್ಟುಕೊಂಡು ಅವರು ಬಂಗಾಳಿ ಕಲಿತರು. ವಿದ್ಯಾಸಾಗರರು ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು 1869ರಲ್ಲಿ ಬಂಗಾಳಿ ಗದ್ಯಕಥೆಯಾಗಿಸಿದ್ದರು. ಅದೇ ‘ಭ್ರಾಂತಿವಿಲಾಸ’ 1876ರಲ್ಲಿ ವೆಂಕಟಾಚಾರ್ಯರ ಕೈಯಲ್ಲಿ ಕನ್ನಡವಾಯಿತು. ಇಂಗ್ಲಿಷ್ ನಾಟಕಕಾರ ಬಂಗಾಳದ ಮೂಲಕ ಕನ್ನಡಕ್ಕೆ ಬಂದನೆಂದರೆ ಇಂದಿನ ದಾರಿಗೆ ತೀರಾ ತಿರುವುಮುರುವು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಬಂಗಾಳಿಯಲ್ಲಿ ಬಂದದ್ದು 1865ರಲ್ಲಿ, ಕನ್ನಡದಲ್ಲಿ 1885ರಲ್ಲಿ. ‘ಆನಂದಮಠ’ದ ಕನ್ನಡ ಅನುವಾದ 1897ರದು. ಬಂಗಾಳದ ವಿಭಜನೆಯ ವಿರುದ್ಧ 1905ರಲ್ಲಿ ‘ವಂದೇ ಮಾತರಂ’ ಬೀದಿಯ ಘೋಷಣೆಯಾಗುವ ಹೊತ್ತಿಗೆ, ಆ ಹಾಡನ್ನು ಹೊತ್ತ ಕಾದಂಬರಿ ಕನ್ನಡ ಓದುಗರ ಕೈಸೇರಿ ಕೆಲವು ವರ್ಷಗಳೇ ಆಗಿದ್ದವು. ಹತ್ತೊಂಬತ್ತನೆಯ ಶತಮಾನದ ಕನ್ನಡದ ಈ ಮಗ್ಗುಲನ್ನು ಕೆದಕಿ ನೋಡಬಯಸುವವರಿಗೆ ಒಳ್ಳೆಯ ದಿಕ್ಸೂಚಿ ‘ಹೊಸಗನ್ನಡದ ಅರುಣೋದಯ’. ಅದನ್ನು ಬರೆದ ಶ್ರೀನಿವಾಸ ಹಾವನೂರರು ಮುಂಬೈಯಲ್ಲಿ ಗ್ರಂಥಪಾಲಕರಾಗಿ ದುಡಿದವರು ಎನ್ನುವುದು ಇಲ್ಲಿನ ಓದುಗರಿಗೆ ಹೆಮ್ಮೆಯ ಸಂಗತಿ.

ಈ ಅನುವಾದಗಳ ಭರಾಟೆಯಲ್ಲಿ ಕನ್ನಡದ ಸ್ವಂತ ಕಾದಂಬರಿ ತಡವಾಯಿತು ಎಂಬ ಆಕ್ಷೇಪ ಹಳೆಯದು. ಕಾಲಾನುಕ್ರಮ ಅದನ್ನು ಪೂರ್ತಿ ಒಪ್ಪುವುದಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ, ಅಂದರೆ ವೆಂಕಟಾಚಾರ್ಯರು ಬರೆಯುತ್ತಿದ್ದ ದಿನಗಳಲ್ಲೇ. ಕಾದಂಬರಿ ಹುಟ್ಟಲು ಬರೆಯುವವನೊಬ್ಬನಿದ್ದರೆ ಸಾಲದು. ಗದ್ಯದ ದಪ್ಪ ಪುಸ್ತಕವನ್ನು ಕಾಸು ಕೊಟ್ಟು ತಂದು, ಪುರಾಣವಲ್ಲದ ಕತೆಯೊಂದನ್ನು ಒಂಟಿಯಾಗಿ ಕೂತು ಓದುವ ಜನವೂ ಬೇಕು. ಮೈಸೂರು ಭಾಗದಲ್ಲಿ ವೆಂಕಟಾಚಾರ್ಯರು ಬೆಳೆಸಿದ್ದು ಈ ಜನವನ್ನು; ಉತ್ತರದಲ್ಲಿ ಮರಾಠಿಯ ಬೆನ್ನು ಹಿಡಿದು ಅದೇ ಕೆಲಸ ಮಾಡಿದವರು ಗಳಗನಾಥರು. ವೆಂಕಟಾಚಾರ್ಯರ ಗದ್ಯ ಸಂಸ್ಕೃತದ ಭಾರಕ್ಕೆ ಬಾಗಿದೆ ಎನ್ನುವುದು ನಿಜ, ಇಂದಿನ ಓದುಗ ಪುಟ ಮಗುಚಲು ಏದುಸಿರು ಬಿಡಬೇಕು. ‘ಆನಂದಮಠ’ದ ರಾಜಕೀಯದ ಬಗ್ಗೆಯೂ ತಕರಾರು ಇದ್ದೇ ಇದೆ. ಆದರೆ ಅದು ಬಂಕಿಮರೊಡನೆ ಹೂಡಬೇಕಾದ ಜಗಳ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಒಳ್ಳೆಯ ಇಂಗ್ಲಿಷ್ ಅನುವಾದಗಳಿರುವಾಗ ಬಂಗಾಳಿ ಕಲಿಯುವ ಕಷ್ಟವೇಕೆ? ರವೀಂದ್ರನಾಥರ ‘ನಷ್ಟನೀಡ’ವನ್ನೇ ತೆಗೆದುಕೊಳ್ಳಿ. 1901ರ ಈ ನೀಳ್ಗತೆಯನ್ನೇ ಸತ್ಯಜಿತ್ ರಾಯ್ 1964ರಲ್ಲಿ ‘ಚಾರುಲತಾ’ ಸಿನಿಮಾ ಮಾಡಿದ್ದು. ಪತ್ರಿಕೆಯ ಗುಂಗಿನಲ್ಲಿ ಮುಳುಗಿದ ಭೂಪತಿ, ದೊಡ್ಡ ಮನೆಯಲ್ಲಿ ಹೊತ್ತು ಹೋಗದ ಹೆಂಡತಿ ಚಾರು, ಆ ಮನೆಯಲ್ಲೇ ಉಳಿದು ಓದುತ್ತಿರುವ ಭೂಪತಿಯ ಸೋದರತ್ತೆಯ ಮಗ ಅಮಲ. ಇಡೀ ಕತೆ ನಿಂತಿರುವುದು ಅತ್ತಿಗೆ–ಮೈದುನರ ಸಲಿಗೆಯ ಮೇಲೆ. ಎಷ್ಟು ತಮಾಷೆ ಸಲ್ಲುತ್ತದೆ, ಎಲ್ಲಿಂದಾಚೆ ಸಲ್ಲದು ಎಂಬುದು ಬಂಗಾಳಿ ಓದುಗನಿಗೆ ಹೇಗೆ ಗೊತ್ತೋ ಕನ್ನಡದವನಿಗೂ ಹಾಗೇ ಗೊತ್ತು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಅಡಿಟಿಪ್ಪಣಿ ಬೇಡ. ಇಂಗ್ಲಿಷಿನಲ್ಲಿ ಅಮಲ ಬರೀ ‘ಕಸಿನ್’ ಆಗುತ್ತಾನೆ. ಹಿರಿಯರಿಗೊಂದು, ಸಮಾನರಿಗೊಂದು, ತೀರಾ ಸಲಿಗೆಯವರಿಗೊಂದು ಎಂದು ಬಂಗಾಳಿಯಲ್ಲಿರುವ ಮೂರು ಬಗೆಯ ಸಂಬೋಧನೆಯೂ ಒಂದೇ ‘ಯೂ’ನಲ್ಲಿ ಕರಗಿಹೋಗುತ್ತದೆ. ಅದನ್ನು ನಂಬಿ ಕನ್ನಡಿಸುವವನು ಕಳೆದುಹೋದದ್ದನ್ನು ಊಹೆಯಿಂದ ತುಂಬಬೇಕು. ನೇರ ಓದುವವನಿಗೆ ಆ ತಾಪತ್ರಯವಿಲ್ಲ.

ಅಕ್ಕಪಕ್ಕ ಇದ್ದ ಮಾತ್ರಕ್ಕೆ ಸಾಹಿತ್ಯ ಹರಿದುಬರುತ್ತದೆಯೇ ಎಂದು ಯಾರಾದರೂ ಕೇಳಿದರೆ, ಬರುವುದಿಲ್ಲವೆಂದೇ ಒಪ್ಪಬೇಕು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಹರೆಯದ ರವೀಂದ್ರರು ಅಲ್ಲಿದ್ದು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಈಗ ಅಲ್ಲಿನ ಕಡಲತೀರಕ್ಕೆ ಅವರ ಹೆಸರಿದೆ. ಕನ್ನಡದ ನೆಲದಲ್ಲೇ ಕೂತು ಬರೆದರೂ ಆಗ ಅದರಿಂದ ಕನ್ನಡಕ್ಕೆ ದಕ್ಕಿದ್ದೇನೂ ಇಲ್ಲ. ಬಂಗಾಳದಿಂದ ದೂರವಿದ್ದ ವೆಂಕಟಾಚಾರ್ಯರು ಕಂತೆ ಕಂತೆಯಾಗಿ ತಂದರು. ಹಾಗಾಗಿ ಸೀವುಡ್ಸ್‌ನ ನೆರೆಹೊರೆ ತಾನಾಗಿಯೇ ಏನನ್ನೂ ಕೊಡದು. ಹಟ ಹಿಡಿದು ಲಿಪಿ ಕಲಿತವನಿಗೆ ಮಾತ್ರ ಅದು ದೊಡ್ಡ ಅನುಕೂಲ: ವೆಂಕಟಾಚಾರ್ಯರು ಅಂಚೆಗೆ ಹಾಕಿ ಕಾಯಬೇಕಿದ್ದ ಸಂದೇಹವನ್ನು ಇಲ್ಲಿ ಪಕ್ಕದ ಮನೆಯ ಕಾಲಿಂಗ್ ಬೆಲ್ ಒತ್ತಿ ಕೇಳಬಹುದು.

ಹಕ್ಕುಸ್ವಾಮ್ಯದ ತೊಡಕೂ ಬಹುಮಟ್ಟಿಗೆ ಇಲ್ಲ. ಲೇಖಕ ತೀರಿಕೊಂಡ 60 ವರ್ಷಗಳ ಬಳಿಕ ಕೃತಿ ಎಲ್ಲರದ್ದಾಗುತ್ತದೆ. ಬಂಕಿಮ, ಶರತ್‌ಚಂದ್ರ, ರವೀಂದ್ರರಷ್ಟೇ ಅಲ್ಲ, 1950ರಲ್ಲಿ ತೀರಿಕೊಂಡ ವಿಭೂತಿಭೂಷಣ, 1954ರ ಜೀವನಾನಂದ ದಾಸ್, 1956ರ ಮಾಣಿಕ್ ಬಂದ್ಯೋಪಾಧ್ಯಾಯ ಕೂಡ ಈಗ ಯಾರ ಅನುಮತಿಯೂ ಇಲ್ಲದೆ ಅನುವಾದಿಸಬಹುದಾದವರು. ನವಿ ಮುಂಬೈಯ ಕನ್ನಡ ಸಂಘಟನೆಗಳು ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದಿಷ್ಟು ಉಳಿಸಿ, ವಾರಕ್ಕೊಂದು ಸಂಜೆಯ ಬಂಗಾಳಿ ತರಗತಿ ಶುರುಮಾಡಲಿ. ಮೊದಲ ಪಾಠಕ್ಕೆ ರವೀಂದ್ರರ ಒಂದು ಸಣ್ಣಕತೆ ಸಾಕು.