ಬಂಪರ್ ಬೆಳ್ಳಗಾದ್ರೆ ಡೀಸೆಲ್ ಹಚ್ಚಬೇಡಿ!

ಕಾಲೇಜಿನ ಪಾರ್ಕಿಂಗ್‌ನಲ್ಲಾಗಲಿ, ಬಸ್‌ಸ್ಟ್ಯಾಂಡ್ ಎದುರಿನ ಟ್ಯಾಕ್ಸಿ ಸಾಲಿನಲ್ಲಾಗಲಿ ಐದಾರು ವರ್ಷ ಹಳೆಯ ಕಾರುಗಳನ್ನು ಒಮ್ಮೆ ಗಮನಿಸಿ ನೋಡಿ. ಬಾಡಿಯ ಪೇಂಟ್ ಇನ್ನೂ ಫಳಫಳ ಹೊಳೆಯುತ್ತಿರುತ್ತದೆ. ಆದರೆ ಪೇಂಟ್ ಮಾಡದ ಕಪ್ಪು ಪ್ಲಾಸ್ಟಿಕ್ ಭಾಗಗಳು, ಅಂದರೆ ಬಂಪರ್, ಚಕ್ರದ ಸುತ್ತಲಿನ ಪಟ್ಟಿ, ಬಾಗಿಲ ಕೆಳಗಿನ ಕ್ಲ್ಯಾಡಿಂಗ್, ವೈಪರ್ ಬುಡದ ಜಾಲರಿ, ಬೂದಿ ಬಳಿದಂತೆ ಬೆಳ್ಳಗಾಗಿರುತ್ತವೆ. ಎಂಜಿನ್ ಗಟ್ಟಿಮುಟ್ಟಾಗಿದ್ದರೂ ಗಾಡಿ ಮಾತ್ರ ಮುದುಕನಂತೆ ಕಾಣುತ್ತದೆ.

ಹಳೆಯ ಓಮ್ನಿಯ ಬಂಪರ್‌ನಿಂದ ಹಿಡಿದು ಕ್ವಿಡ್, ಡಸ್ಟರ್‌ಗಳ ಕ್ಲ್ಯಾಡಿಂಗ್‌ವರೆಗೆ ನಮ್ಮ ರಸ್ತೆಗಳಲ್ಲಿ ಇಂಥ ಕಪ್ಪು ಪ್ಲಾಸ್ಟಿಕ್‌ಗೆ ಕೊರತೆಯಿಲ್ಲ. ಪೇಂಟ್ ಮಾಡದೇ ಬಿಡುವುದಕ್ಕೆ ಕಾರಣವೂ ಸರಳ. ತಯಾರಿಕೆಯ ಖರ್ಚು ಉಳಿಯುತ್ತದೆ, ಸಣ್ಣಪುಟ್ಟ ಗೀರು ಬಿದ್ದರೂ ಎದ್ದು ಕಾಣುವುದಿಲ್ಲ, ಕಲ್ಲು ಸಿಡಿದರೆ ಬಣ್ಣ ಕಿತ್ತುಹೋಗುವ ಚಿಂತೆಯಿಲ್ಲ. ಆದರೆ ಪೇಂಟಿನ ರಕ್ಷಣೆ ಇಲ್ಲದ್ದರಿಂದ ಬಿಸಿಲು ನೇರವಾಗಿ ಪ್ಲಾಸ್ಟಿಕ್ ಮೇಲೆಯೇ ಬೀಳುತ್ತದೆ.

ಇದಕ್ಕೆ ಊರಿಗೊಂದು ಮದ್ದು. ಒಬ್ಬರು ಡೀಸೆಲ್ ಅಂತಾರೆ, ಇನ್ನೊಬ್ಬರು ಸೀಮೆಎಣ್ಣೆ ಅಂತಾರೆ, ಮತ್ತೊಬ್ಬರು ಕೊಬ್ಬರಿ ಎಣ್ಣೆ ಅಂತಾರೆ. ಹಚ್ಚಿದ ತಕ್ಷಣ ಎಲ್ಲವೂ ಕೆಲಸ ಮಾಡುತ್ತವೆ. ವಾರ ಕಳೆಯುವಷ್ಟರಲ್ಲಿ ಬಂಪರ್ ಮತ್ತೆ ಮೊದಲಿನ ಹಾಗೆಯೇ. ಯಾಕೆ ಹೀಗೆ?

ಕಪ್ಪು ಎಲ್ಲಿಗೂ ಹೋಗಿರುವುದಿಲ್ಲ

ಬಂಪರ್‌ನ ಹಿಂಭಾಗವನ್ನು ಬಗ್ಗಿ ನೋಡಿದರೆ ಅಚ್ಚಿನಲ್ಲೇ ಮೂಡಿಸಿದ ಒಂದು ಗುರುತು ಸಿಗುತ್ತದೆ. ಸಾಮಾನ್ಯವಾಗಿ ‘ಪಿಪಿ+ಇಪಿಡಿಎಂ-ಟಿಡಿ20’ ಎಂಬಂಥ ಬರಹ ಅದು. ಪಿಪಿ ಎಂದರೆ ಪಾಲಿಪ್ರೊಪಿಲೀನ್. ಇಪಿಡಿಎಂ ಎಂಬುದು ಪೆಟ್ಟು ಬಿದ್ದಾಗ ಒಡೆಯದಿರಲಿ ಎಂದು ಬೆರೆಸಿದ ರಬ್ಬರ್. ಟಿಡಿ20 ಎಂದರೆ ಬಿಗುವಿಗಾಗಿ ಸೇರಿಸಿದ ಶೇ 20ರಷ್ಟು ಟಾಲ್ಕ್, ಅಂದರೆ ಮುಖಕ್ಕೆ ಹಚ್ಚುವ ಪೌಡರ್‌ನಲ್ಲಿ ಬಳಸುವ ಅದೇ ಬಿಳಿ ಖನಿಜ. ಇವೆಲ್ಲಕ್ಕೂ ಕಪ್ಪು ಬಣ್ಣ ಕೊಡುವುದು ಕಾರ್ಬನ್ ಬ್ಲ್ಯಾಕ್, ಸರಳವಾಗಿ ಹೇಳಬೇಕೆಂದರೆ ನಯವಾದ ಮಸಿ.

ಇಟಲಿಯ ವಿಜ್ಞಾನಿ ಜೂಲಿಯೊ ನಾಟಾ 1954ರಲ್ಲಿ ಪಾಲಿಪ್ರೊಪಿಲೀನ್‌ನ ಕ್ರಮಬದ್ಧ ಸರಪಳಿಯನ್ನು ತಯಾರಿಸಿದರು. 1963ರಲ್ಲಿ ಕಾರ್ಲ್ ಝೀಗ್ಲರ್ ಜೊತೆ ನೊಬೆಲ್ ಪ್ರಶಸ್ತಿಯನ್ನೂ ಪಡೆದರು. ಹಗುರ, ಅಗ್ಗ, ಗಟ್ಟಿ ಪ್ಲಾಸ್ಟಿಕ್ ಇದು. ಆದರೆ ಇದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಕಾರ್ಬನ್ ಪರಮಾಣುವಿನಲ್ಲಿ ಸುಲಭವಾಗಿ ಕಳಚಿಕೊಳ್ಳುವ ಒಂದು ಹೈಡ್ರೋಜನ್ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಬಿದ್ದಾಗ ಆ ಹೈಡ್ರೋಜನ್ ಕಳಚಿ, ಆ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ. ಅಲ್ಲಿಂದ ಸರಪಳಿ ತುಂಡಾಗತೊಡಗುತ್ತದೆ. ಒಂದು ತುಂಡು ಪಕ್ಕದ್ದನ್ನೂ ಕೆಡಿಸುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಯುವಿ ಸ್ಟೆಬಿಲೈಸರ್ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಮೇಲ್ಪದರದಲ್ಲಿ ಅದರ ಬಲ ಕುಗ್ಗುತ್ತದೆ.

ಹೀಗೆ ಕೂದಲೆಳೆಗಿಂತ ತೆಳುವಾದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ಒಳಗಿದ್ದ ಬಿಳಿ ಟಾಲ್ಕ್ ಹೊರಗೆ ಇಣುಕುತ್ತದೆ. ಬೆಳಕು ಈ ಬಿರುಕುಗಳಿಗೆ ತಾಗಿ ದಿಕ್ಕುದಿಕ್ಕಿಗೆ ಚದುರುವುದರಿಂದ ನಮ್ಮ ಕಣ್ಣಿಗೆ ಬೂದು ಬಣ್ಣ ಕಾಣುತ್ತದೆ. ಮಸಿಯೇನೋ ಒಳಗೆ ಹಾಗೆಯೇ ಇದೆ. ಅದನ್ನು ಮರೆಮಾಡಿರುವುದು ಹಾಳಾದ ಮೇಲ್ಪದರ.

ಇದನ್ನು ಖಚಿತಪಡಿಸಿಕೊಳ್ಳಲು ಪ್ರಯೋಗಾಲಯ ಬೇಡ, ಒಂದು ಚೊಂಬು ನೀರು ಸಾಕು. ಬೆಳ್ಳಗಾದ ಬಂಪರ್ ಮೇಲೆ ನೀರು ಸುರಿಯಿರಿ, ಕ್ಷಣದಲ್ಲಿ ಕಪ್ಪಾಗುತ್ತದೆ. ಒಣಗಿದೊಡನೆ ಮತ್ತೆ ಬೂದು. ಒಣ ಒರಳುಕಲ್ಲು ಬಿಳಿಚಿಕೊಂಡಿದ್ದು, ತೊಳೆದಾಗ ಕಪ್ಪಾಗಿ ಕಾಣುವುದಿಲ್ಲವೇ? ಅದೂ ಇದೇ ಲೆಕ್ಕ. ನೀರು ಬಿರುಕುಗಳನ್ನು ತುಂಬಿದಾಗ ಬೆಳಕು ಚದುರುವುದು ಕಡಿಮೆಯಾಗುತ್ತದೆ. ಡೀಸೆಲ್ ಆಗಲಿ, ಕೊಬ್ಬರಿ ಎಣ್ಣೆಯಾಗಲಿ ಮಾಡುವುದು ನೀರಿನ ಕೆಲಸವನ್ನೇ. ನಿಧಾನವಾಗಿ ಒಣಗುತ್ತವೆ ಎನ್ನುವುದಷ್ಟೇ ವ್ಯತ್ಯಾಸ.

ಇಪ್ಪತ್ತು ಸಾವಿರದ ಬೂದಿ

ಇದೆಲ್ಲ ನನಗೆ ಬರೀ ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿ ಉಳಿಯದಿರಲು ನಮ್ಮ ಕಾಕಾ ಕಾರಣ. ಮಗಳ ನರ್ಸಿಂಗ್ ಕೋರ್ಸಿನ ಫೀ ಕಟ್ಟಲು ಅವರು ತಮ್ಮ ಒಂಬತ್ತು ವರ್ಷದ ಕಾರು ಮಾರಲು ಹೊರಟಿದ್ದರು. ಫೀ ಕಟ್ಟಲು ಉಳಿದಿದ್ದು ಹನ್ನೆರಡು ದಿನ. ಕಾರು ನೋಡಲು ಬಂದ ದಲ್ಲಾಳಿ ಬಾನೆಟ್ ಕೂಡ ಎತ್ತಲಿಲ್ಲ. ‘ಏನ್ರೀ ಇದು, ಬಂಪರ್ ಎಲ್ಲಾ ಬೂದಿ ಬಡದಂಗ ಆಗೇತಿ. ಗಾಡಿ ಭಾಳ ಓಡೇತಿ’ ಎಂದು ಕಾಕಾ ಹೇಳಿದ ಬೆಲೆಗೆ ಇಪ್ಪತ್ತು ಸಾವಿರ ಕಡಿಮೆ ಕೇಳಿದ. ನಿಜ ಹೇಳಬೇಕೆಂದರೆ ಆ ಕಾರು ಹೆಚ್ಚು ಓಡಿರಲಿಲ್ಲ. ಶೆಡ್ ಇಲ್ಲದ್ದಕ್ಕೆ ವರ್ಷವಿಡೀ ಬಿಸಿಲಲ್ಲಿ ನಿಂತಿತ್ತು ಅಷ್ಟೇ.

ಪಕ್ಕದ ಮನೆಯವರೊಬ್ಬರು ಉಪಾಯ ಹೇಳಿಕೊಟ್ಟರು: ‘ಡೀಸೆಲ್ ಅರಿವೀಲೆ ಒಮ್ಮೆ ಒರಸ್ರಿ, ಹೊಸಾದು ಆದಂಗ ಆಕೈತಿ. ಗಿರಾಕಿ ರೊಕ್ಕಾ ಕೊಟ್ಟು ಹೋಗೂತನಕ ಇದ್ರ ಸಾಕಲ್ಲ?’

ಕಾಕಾ ಒಪ್ಪಲಿಲ್ಲ. ‘ನಾಕು ದಿನ ಬಿಟ್ಟು ತಗೊಂಡಾವ ಬಾಗಿಲಿಗೆ ಬಂದ್ರ ಅವನ ಮುಖಾ ಹೆಂಗ ನೋಡ್ಲಿ?’ ಎಂದವರು ನನ್ನ ಕಡೆ ತಿರುಗಿದರು: ‘ನೀ ಬಿ.ಇ. ಓದಾಕತ್ತೀಯಲ್ಲೋ, ಇದಕ್ಕೊಂದು ಖರೇ ಮದ್ದು ಇಲ್ಲೇನು?’

ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ತೂಗಿ ನೋಡಿದೆ.

ಡೀಸೆಲ್, ಸೀಮೆಎಣ್ಣೆ: ಧೂಳನ್ನು ಎಳೆದುಕೊಳ್ಳುತ್ತವೆ. ಪಕ್ಕದ ರಬ್ಬರ್ ಬೀಡಿಂಗ್‌ಗೆ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ.

ಕೊಬ್ಬರಿ ಎಣ್ಣೆ, ಡ್ಯಾಶ್‌ಬೋರ್ಡ್ ಪಾಲಿಶ್: ಹೊಳಪು ಬರುತ್ತದೆ. ಒಂದೆರಡು ಮಳೆ ಅಥವಾ ವಾಶ್ ಆದರೆ ಮುಗಿಯಿತು.

ಅಗಸೆ ಎಣ್ಣೆ: ನಮ್ಮ ಕಡೆ ಅಗಸಿ ಚಟ್ನಿ ಇಲ್ಲದೆ ರೊಟ್ಟಿ ಊಟ ಪೂರ್ತಿಯಾಗುವುದಿಲ್ಲ. ಅದೇ ಬೀಜದ ಎಣ್ಣೆಯನ್ನು ಕ್ರಿಕೆಟ್ ಬ್ಯಾಟಿಗೂ ಹಚ್ಚುತ್ತಾರೆ. ಇದು ಕೊಬ್ಬರಿ ಎಣ್ಣೆಯಂತಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ. ಹಾಗಾಗಿ ಉಳಿದ ಎಣ್ಣೆಗಳಿಗಿಂತ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಒಣಗುವತನಕ ಧೂಳು ಅಂಟುತ್ತದೆ. ಇನ್ನೊಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಹುಟ್ಟುವ ಶಾಖಕ್ಕೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಅಗಲವಾಗಿ ಹರಡಿ, ಬಯಲಿನಲ್ಲಿ ಒಣಗಿಸಬೇಕು.

ಹೀಟ್ ಗನ್: ವಿಡಿಯೊಗಳಲ್ಲಿ ಮ್ಯಾಜಿಕ್‌ನಂತೆ ಕಾಣುವುದು ಇದೇ. ಬಿಸಿಗಾಳಿ ತಾಗಿದ ಕಡೆ ಬೂದು ಹೋಗಿ ಕಪ್ಪು ಮೂಡುತ್ತದೆ, ಏಕೆಂದರೆ ಮೇಲ್ಪದರ ಕರಗಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆದರೆ ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೀಟ್ ಗನ್‌ನ ಗಾಳಿ 500 ಡಿಗ್ರಿಯನ್ನೂ ದಾಟಬಲ್ಲದು. ಒಂದು ಕ್ಷಣ ಕೈ ನಿಂತರೂ ಬಂಪರ್ ಸೊಟ್ಟಗಾಗುತ್ತದೆ, ಪಕ್ಕದ ಪೇಂಟ್ ಗುಳ್ಳೆ ಏಳುತ್ತದೆ. ಕಳೆದುಹೋದ ಸ್ಟೆಬಿಲೈಸರ್ ಇದರಿಂದ ಮರಳಿ ಬರುವುದಿಲ್ಲವಾದ್ದರಿಂದ ಬಿಸಿಲು ಮತ್ತೆ ತನ್ನ ಕೆಲಸ ಶುರುಮಾಡುತ್ತದೆ.

ಸ್ಪ್ರೇ ಪೇಂಟ್: ಪಾಲಿಪ್ರೊಪಿಲೀನ್‌ಗೆ ಬಣ್ಣ ಸುಲಭವಾಗಿ ಅಂಟುವುದಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಹಾಕದೆ ಹೊಡೆದರೆ ಸಿಪ್ಪೆ ಸುಲಿದಂತೆ ಏಳುತ್ತದೆ.

ಟ್ರಿಮ್ ಕೋಟಿಂಗ್: ಆಟೊ ಆಕ್ಸೆಸರೀಸ್ ಅಂಗಡಿಗಳಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಬರೀ ಎಣ್ಣೆಯಂತೆ ಒದ್ದೆಯಾಗಿ ಉಳಿಯದೆ ಪ್ಲಾಸ್ಟಿಕ್ ಮೇಲೆ ಗಟ್ಟಿಯಾಗುವ ರಾಳದ ಪದರ ಇದು. ಬಿರುಕು ತುಂಬುತ್ತದೆ, ಮಳೆಗೂ ನಿಲ್ಲುತ್ತದೆ. ಕೊಳ್ಳುವಾಗ ಡಬ್ಬಿ ಓದಿ. ಬರೀ ‘ಶೈನ್’ ಎಂದು ಬರೆದಿದ್ದರೆ ಅದು ಪಾಲಿಶ್ ಇರಬಹುದು. ಗಟ್ಟಿಯಾಗಲು ಇಷ್ಟು ಗಂಟೆ ಬೇಕು ಎಂದು ಬರೆದಿದ್ದರೆ ಕೋಟಿಂಗ್.

ಕೆಲಸವೆಲ್ಲ ತೊಳೆಯುವುದರಲ್ಲೇ

ನಾವು ಆರಿಸಿಕೊಂಡಿದ್ದು ಕೋಟಿಂಗ್. ಬಾಟಲಿ, ಮಾಸ್ಕಿಂಗ್ ಟೇಪ್, ಕೈಗವಸು, ಬಟ್ಟೆ ಎಲ್ಲ ಸೇರಿ ಖರ್ಚಾದದ್ದು ಸುಮಾರು 900 ರೂಪಾಯಿ. ಹಚ್ಚುವುದಕ್ಕೆ ಹಿಡಿದದ್ದು ಒಂದು ತಾಸು, ತೊಳೆಯುವುದಕ್ಕೆ ಮೂರು ತಾಸು. ಇಡೀ ಕೆಲಸದ ಗುಟ್ಟು ಇಲ್ಲೇ ಇದೆ. ಹಳೆಯ ಪಾಲಿಶ್, ವ್ಯಾಕ್ಸ್, ಜಿಡ್ಡು ಉಳಿದರೆ ಹೊಸ ಪದರ ಕೂರುವುದಿಲ್ಲ.

ಮೊದಲು ಕಾರ್ ಶಾಂಪೂ ಹಾಕಿ ತೊಳೆದೆವು. ಆಮೇಲೆ ಜಿಡ್ಡು ತೆಗೆಯುವ ಕ್ಲೀನರ್ ಸಿಂಪಡಿಸಿ ಹಳೆಯ ಟೂತ್‌ಬ್ರಶ್‌ನಿಂದ ಪ್ಲಾಸ್ಟಿಕ್‌ನ ತರಿತರಿಯೊಳಗೆಲ್ಲ ಉಜ್ಜಿದೆವು. ಉಪ್ಪುಕಾಗದ ಮುಟ್ಟಲಿಲ್ಲ, ಏಕೆಂದರೆ ಆ ತರಿ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಪೂರ್ತಿ ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೇಂಟಿನ ಅಂಚಿಗೆಲ್ಲ ಟೇಪ್ ಅಂಟಿಸಿದೆವು. ಕಾಣದ ಮೂಲೆಯಲ್ಲಿ ಸ್ವಲ್ಪ ಹಚ್ಚಿ ಪರೀಕ್ಷಿಸಿ, ನಂತರ ಬೇವಿನ ಮರದ ನೆರಳಿನಲ್ಲಿ ತೆಳುವಾಗಿ ಎರಡು ಸಲ ಹಚ್ಚಿದೆವು. ಬಿಸಿಲಲ್ಲಿ ಹಚ್ಚಿದರೆ ಬೇಗ ಒಣಗಿ ಪಟ್ಟೆಪಟ್ಟೆಯಾಗುತ್ತದೆ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ನೀರು ತಾಗಿಸಲಿಲ್ಲ. ಕಾಕಾ ಸುತ್ತ ಒಂದು ಸಲ ಅಡ್ಡಾಡಿ ಬಂದು, ‘ಈಗ ನಮ್ಮ ಗಾಡಿ ವಯಸ್ಸಿಗೆ ತಕ್ಕಂಗ ಕಾಣಾಕತ್ತು ನೋಡು’ ಅಂದರು.

ಐದನೇ ದಿನ ಕಾರು ನೋಡಲು ಬಂದವರು ಪಕ್ಕದ ಊರಿನ ಶಾಲೆಯ ಮೇಷ್ಟ್ರು. ಅವರು ಕೇಳುವ ಮೊದಲೇ ಕಾಕಾ ಹೇಳಿಬಿಟ್ಟರು: ‘ಸರ್, ಬಂಪರ್ ಬೆಳ್ಳಗಾಗಿತ್ತು. ನಮ್ಮ ಹುಡುಗ ಕೋಟಿಂಗ್ ಮಾಡ್ಯಾನ. ಕಾಯಂ ಇರಂಗಿಲ್ಲ, ಮುಂದ ಮತ್ತ ಹಚ್ಚಬೇಕಾಕೈತಿ.’ ನನಗೆ ಒಳಗೊಳಗೇ ಅಳುಕು, ವ್ಯಾಪಾರ ಕೆಟ್ಟಿತಾ ಅಂತ. ಮೇಷ್ಟ್ರು ಸರ್ವಿಸ್ ಬಿಲ್‌ಗಳನ್ನು ತಿರುವಿ ಹಾಕಿದರು, ಕಾರು ಓಡಿಸಿ ನೋಡಿದರು. ಟೈರ್ ಸವೆದಿದೆ ಎಂದು ಆರು ಸಾವಿರ ಕಡಿಮೆ ಮಾಡಿಸಿದರು. ಅದು ನ್ಯಾಯವೇ. ಬಂಪರ್ ಲೆಕ್ಕದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಉಳಿದಿದ್ದ ಅರ್ಧ ಬಾಟಲಿ ಕೋಟಿಂಗನ್ನು ಕಾಕಾ ಅವರ ಕೈಗೇ ಕೊಟ್ಟು ಕಳಿಸಿದರು. ತಂಗಿಯ ಫೀ ಗಡುವಿನೊಳಗೆ ಕಟ್ಟಿಯಾಯಿತು.

ಮೊದಲ ಕಾರು ಕೊಳ್ಳುವವರಿಗೆ

ಕೆಲಸ ಸಿಕ್ಕ ಮೇಲೆ ನಮ್ಮಲ್ಲಿ ಎಷ್ಟೋ ಜನ ಮೊದಲು ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಕಾರನ್ನೇ. ಆಗ ಎರಡು ಮಾತು ನೆನಪಿರಲಿ. ಬಂಪರ್ ಬೆಳ್ಳಗಿದ್ದರೆ ಗಾಡಿ ಹಾಳಾಗಿದೆ ಅಂತಲ್ಲ, ಬಿಸಿಲಲ್ಲಿ ನಿಂತಿದೆ ಅಂತ. ಹಾಗೆಯೇ ಬಂಪರ್ ಮಿಂಚುತ್ತಿದ್ದರೆ ಗಾಡಿ ಹೊಸದು ಅಂತಲೂ ಅಲ್ಲ. ಬಿಳಿ ಟಿಶ್ಯೂ ಒಂದರಿಂದ ಒತ್ತಿ ಒರೆಸಿ ನೋಡಿ. ಜಿಡ್ಡು ಅಂಟಿದರೆ, ಡೀಸೆಲ್ ವಾಸನೆ ಬಂದರೆ, ಮುಚ್ಚಿಡಲು ಇನ್ನೇನೇನಿದೆ ಎಂದು ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ನೋಡುವುದು ಒಳ್ಳೆಯದು.

ಕೆಲಸ ಹುಡುಕುತ್ತಿರುವವರಿಗೂ ಇಲ್ಲೊಂದು ದಾರಿ ಇದೆ. ಕಾರ್ ಡಿಟೇಲಿಂಗ್ ಇವತ್ತು ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ದೊಡ್ಡ ಬಂಡವಾಳವಿಲ್ಲದೆ ಶುರುಮಾಡಬಹುದಾದ ಕೆಲಸಗಳಲ್ಲಿ ಟ್ರಿಮ್ ಕೋಟಿಂಗ್ ಒಂದು. ಪ್ಲಾಸ್ಟಿಕ್ ಬಗ್ಗೆಯೇ ಓದುವ ಆಸೆಯಿದ್ದರೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಕೇಂದ್ರವಿದೆ, ಅಲ್ಲಿ ಡಿಪ್ಲೊಮಾ ಕೋರ್ಸ್‌ಗಳಿವೆ. ಆದರೆ ಯಾವ ಬಾಟಲಿ ಕೊಳ್ಳಬೇಕು ಎನ್ನುವುದಕ್ಕಿಂತ ಮೊದಲು ಪ್ಲಾಸ್ಟಿಕ್‌ಗೆ ಆಗಿದ್ದೇನು ಎಂದು ತಿಳಿದುಕೊಂಡವರ ಕೆಲಸ ಮಾತ್ರ ಈ ಧಂದೆಯಲ್ಲಿ ಬಾಳುತ್ತದೆ. ಗಿರಾಕಿಗೆ ‘ಇದು ಇಷ್ಟು ದಿನ ಬರುತ್ತದೆ, ಆಮೇಲೆ ಮತ್ತೆ ಮಾಡಬೇಕು’ ಎಂದು ಮೊದಲೇ ಹೇಳಿದರೆ ಅವರು ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ.

ಈ ಭಾನುವಾರ ಪುರುಸೊತ್ತಿದ್ದರೆ ಮನೆಯ ಕಾರಿನ, ಕಾರಿಲ್ಲದಿದ್ದರೆ ಸ್ಕೂಟರ್‌ನ ಮಾಸಿದ ಕಪ್ಪು ಪ್ಲಾಸ್ಟಿಕ್ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಕಪ್ಪಾಯಿತಾ? ಹಾಗಿದ್ದರೆ ಅದಕ್ಕೆ ಮದ್ದಿದೆ. ಮೊದಲು ಚೆನ್ನಾಗಿ ತೊಳೆಯಿರಿ.